ಬೆಟ್ಟಕ್ಕೆ ಎರಡು ಪಾಳಿ: ತುಮಕೂರಿನ ಕುರುಚಲು ಕಾಡಲ್ಲಿ ನಡೆಯುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಾಮದ ಚಿಲುಮೆಯಿಂದ ದೇವರಾಯನದುರ್ಗದ ಕಡೆ ಹೋಗುವ ರಸ್ತೆ. ಡಿಸೆಂಬರ್ ತಿಂಗಳು, ಬೆಳಗ್ಗೆ ಆರೂವರೆ ಇರಬೇಕು. ರಸ್ತೆ ಪಕ್ಕದ ಹುತ್ತವೊಂದು ಅರ್ಧ ಒಡೆದು ಬಿದ್ದಿತ್ತು. ಒಳಗಿನ ಮಣ್ಣು ಇನ್ನೂ ಹಸಿ. ಗೆದ್ದಲುಗಳು ದಿಕ್ಕು ತೋಚದೆ ಓಡಾಡುತ್ತಿದ್ದವು. ಮಣ್ಣಿನ ಮೇಲೆ ನಾಲ್ಕೈದು ಉದ್ದನೆಯ ಗೀರು, ಬೆರಳು ಇಟ್ಟರೆ ಹೂತುಹೋಗುವಷ್ಟು ಆಳ. ನಾನು ಬಗ್ಗಿ ಫೋಟೊ ತೆಗೆಯುತ್ತಿದ್ದೆ. ಡೈರಿಗೆ ಹಾಲು ಹಾಕಲು ಹೊರಟಿದ್ದ ತಾತ ಒಬ್ಬರು ಸೈಕಲ್ ನಿಲ್ಲಿಸಿದರು.

"ಏನ್ ಸಾಮಿ ನೋಡ್ತಾ ಇದೀರ?"

"ಕರಡಿ ಕೆರೆದಿರೋದಾ ತಾತ ಇದು?"

"ಊಂ. ಈಗ್ ತಾನೆ ಪಾಳಿ ಮುಗಿಸ್ಕೊಂಡು ಹೋಗೈತೆ. ಹಗಲು ನಮ್ದು, ರಾತ್ರಿ ಅದ್ರದ್ದು. ನೀವು ಒಸಿ ಬೇಗ್ಲೆ ಬಂದ್ಬಿಟ್ರಿ."

ಅಷ್ಟು ಹೇಳಿ ಹೊರಟೇಬಿಟ್ಟರು. ಮುಂದೆ ನಾನು ಹೇಳುವುದೆಲ್ಲ ಆ ತಾತನ ಪಾಳಿ ಲೆಕ್ಕದ ಮೇಲೇ ನಿಂತಿದೆ. ಬೆಂಗಳೂರಿನಿಂದ 70 ಕಿಲೋಮೀಟರ್ ದೂರದಲ್ಲಿ ಕರಡಿ, ಚಿರತೆ, ಕೃಷ್ಣಮೃಗ ಎಲ್ಲ ಇವೆ. ಅವು ಓಡಾಡುವ ದಾರಿಯೂ ನಾವು ನಡೆಯುವ ದಾರಿಯೂ ಒಂದೇ. ಹೊತ್ತು ಮಾತ್ರ ಬೇರೆ.

ಇದು ಎಂಥ ಕಾಡು

ಮಲೆನಾಡಿನ ಕಾಡು ಮನಸ್ಸಲ್ಲಿಟ್ಟುಕೊಂಡು ತುಮಕೂರಿಗೆ ಬಂದರೆ ಬೇಜಾರಾಗುತ್ತದೆ. ಇಲ್ಲಿ ಜಲಪಾತ ಇಲ್ಲ, ಜಿಗಣೆ ಇಲ್ಲ. ಇರುವುದು ಬಂಡೆ, ಬಾದೆ ಹುಲ್ಲು, ಮುಳ್ಳು. ಮಧುಗಿರಿ, ಪಾವಗಡದ ಕಡೆಯ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ರಾಮನಗರದ ಬಂಡೆಗಳದ್ದೂ ಇದೇ ಪಟ್ಟಿ. ಕ್ಲೋಸ್‌ಪೇಟ್ ಗ್ರಾನೈಟ್ ಅಂತ ಹೆಸರು, ರಾಮನಗರದ ಹಳೇ ಹೆಸರೇ ಕ್ಲೋಸ್‌ಪೇಟೆ. ಬಂಡೆಗಳ ಸಂದಿಯಲ್ಲಿ ಗವಿಗಳಿವೆ. ಹಗಲೆಲ್ಲ ಕರಡಿ, ಚಿರತೆ ಮಲಗುವುದು ಅಲ್ಲೇ. ಇಳಿಜಾರಿನಲ್ಲಿ ಚುಜ್ಜಲು, ಕಕ್ಕೆ, ದಿಂಡುಗ, ಮುತ್ತುಗ, ಜಾಲಾರಿ ಮರಗಳು. ಫೆಬ್ರವರಿ-ಮಾರ್ಚ್‌ನಲ್ಲಿ ಜಾಲಾರಿ ಹೂ ಬಿಟ್ಟರೆ ಎಲೆ ಉದುರಿದ ಕಾಡೂ ಘಮ್ ಅನ್ನುತ್ತದೆ.

ಇನ್ನೊಂದು ವಿಷಯ. ಜಯಮಂಗಲಿ, ಶಿಂಷಾ ಎರಡೂ ಹುಟ್ಟುವುದು ದೇವರಾಯನದುರ್ಗದ ಬೆಟ್ಟಗಳಲ್ಲಿ. ಒಂದು ಉತ್ತರಕ್ಕೆ ಹರಿದು ಪಿನಾಕಿನಿ ಸೇರುತ್ತದೆ, ಇನ್ನೊಂದು ದಕ್ಷಿಣಕ್ಕೆ ಹರಿದು ಕಾವೇರಿ. ಬಯಲುಸೀಮೆ ಅಂತ ಮೂಗು ಮುರಿಯುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಮೊದಲ ಹೆಜ್ಜೆ: ಬೆಟ್ಟ ಆರಿಸುವುದು

ಎಲ್ಲರೂ ಮಾಡುವ ತಪ್ಪು ಒಂದೇ. ಮೊದಲ ಸಲವೇ ಮಧುಗಿರಿ. ಅರ್ಧ ಹತ್ತುವಷ್ಟರಲ್ಲಿ ಕಾಲು ನಡುಕ. ಆಮೇಲೆ "ಟ್ರೆಕ್ಕಿಂಗ್ ನಮಗಲ್ಲ" ಅಂತ ತೀರ್ಮಾನ. ಹಾಗೆ ಮಾಡಬೇಡಿ.

ಮೊದಲು ಬಸದಿ ಬೆಟ್ಟಕ್ಕೆ ಹೋಗಿ. ಮಂದಾರಗಿರಿ ಅಂತಲೂ ಕರೆಯುತ್ತಾರೆ. ಕ್ಯಾತ್ಸಂದ್ರದ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಸಿಗುತ್ತದೆ. ಬಂಡೆಯಲ್ಲೇ ಕಡಿದ ನಾನೂರಕ್ಕೂ ಹೆಚ್ಚು ಮೆಟ್ಟಿಲು, ಮೇಲೆ ಹಳೆಯ ಜೈನ ಬಸದಿಗಳು, ಕೆಳಗೆ ಮೈದಾಳ ಕೆರೆ. ಇಲ್ಲಿ ಮೆಟ್ಟಿಲು ಹತ್ತುವುದಕ್ಕಿಂತ ಕೆರೆ ಏರಿ ಮೇಲೆ ಒಂದು ಗಂಟೆ ಕೂರುವುದು ಮುಖ್ಯ. ಬೈನಾಕ್ಯುಲರ್ ಹಿಡಿಯುವ ಕೈ ಪಳಗುವುದು ಇಂಥ ಕಡೆ. ಕೆರೆಯ ಹಕ್ಕಿ ದೊಡ್ಡದು, ಬಯಲಲ್ಲಿರುತ್ತದೆ, ಹಾರಿಹೋಗಲು ಅವಸರ ಮಾಡುವುದಿಲ್ಲ.

ಎರಡನೆಯದು ನಾಮದ ಚಿಲುಮೆ ಮತ್ತು ದೇವರಾಯನದುರ್ಗ. ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟಾಗ ಬಂಡೆಯಿಂದ ಚಿಮ್ಮಿದ ನೀರು ಅಂತ ಚಿಲುಮೆಯ ಕತೆ. ಕೆಳಗೆ ಊರಲ್ಲಿ ಭೋಗನರಸಿಂಹ, ಬೆಟ್ಟದ ಮೇಲೆ ಯೋಗನರಸಿಂಹ. ಮೇಲಿನವರೆಗೂ ಟಾರು ರಸ್ತೆ ಇದೆ. ಆದರೂ ಕೆಳಗೆ ಗಾಡಿ ಬಿಟ್ಟು ನಡೆಯಿರಿ. ಹಕ್ಕಿಗೆ ನನ್ನ ಪ್ರಕಾರ ಜಿಲ್ಲೆಯಲ್ಲೇ ಇದಕ್ಕಿಂತ ಒಳ್ಳೆ ರಸ್ತೆ ಇಲ್ಲ.

ಮೂರನೆಯದು ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ. ಗವಿಯೊಳಗಿನ ಸಿದ್ಧೇಶ್ವರನ ತನಕ ಮೆಟ್ಟಿಲಿದೆ, ದಿನಾ ಭಕ್ತರ ಓಡಾಟವಿದೆ. ಔಷಧಿ ಗಿಡಗಳಿಗೆ ಹೆಸರಾದ ಬೆಟ್ಟ. ಗವಿಯಿಂದ ಮೇಲಕ್ಕೆ ಬಂಡೆ ದಾರಿ. ಅಲ್ಲಿಂದ ಮುಂದೆ ದಾರಿ ಗೊತ್ತಿರುವವರಿಲ್ಲದೆ ಹೋಗಬೇಡಿ. ನಾನು ಒಮ್ಮೆ ಹೋಗಿ ಏನಾಯಿತು ಅಂತ ಆಮೇಲೆ ಹೇಳುತ್ತೇನೆ.

ಈ ಮೂರು ಆದ ಮೇಲೆ ಮಧುಗಿರಿ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ದೇವರಾಯನದುರ್ಗದಂತೆ ಇದೂ ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಆದರೆ ಅಲ್ಲಿ ರಸ್ತೆ ಎತ್ತಿಕೊಂಡು ಹೋಗುತ್ತದೆ, ಇಲ್ಲಿ ಪೂರ್ತಿ ಎತ್ತರ ನಿಮ್ಮ ಮೊಣಕಾಲಿಗೆ ಬೀಳುತ್ತದೆ. ಕೋಟೆಯ ಬಾಗಿಲುಗಳು ಒಂದಾದ ಮೇಲೊಂದು ಬರುತ್ತವೆ. ಅವು ಮುಗಿದ ಮೇಲೆ ನುಣ್ಣನೆ ಇಳಿಜಾರು ಬಂಡೆ, ಅದರಲ್ಲಿ ಕಾಲಿಡಲು ಕೊರೆದ ಸಣ್ಣ ಗುಳಿಗಳು, ಹಿಡಿಯಲು ಕಂಬಿ. ಹತ್ತಿ ಇಳಿಯಲು ನಾಲ್ಕು ಗಂಟೆ ಇಟ್ಟುಕೊಳ್ಳಿ. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ಗುಡಿ.

ಚನ್ನರಾಯನದುರ್ಗ, ಮಿಡಿಗೇಶಿ, ಪಾವಗಡದ ಕೋಟೆಗಳೂ ಇವೆ. ಅವನ್ನು ಆಮೇಲೆ ನೀವೇ ಹುಡುಕಿಕೊಂಡು ಹೋಗುತ್ತೀರಿ.

ತಿಂಗಳು, ಹೊತ್ತು

ತುಮಕೂರಿಗೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಬಂಡೆ ಮೇಲೆ ಪಾಚಿ ಕಟ್ಟಿರುತ್ತದೆ. ಮಧುಗಿರಿಯಂಥ ಬೆಟ್ಟಕ್ಕೆ ಆ ತಿಂಗಳು ಬೇಡವೇ ಬೇಡ. ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಒಳ್ಳೆಯ ಕಾಲ. ಚಳಿಗೆ ವಲಸೆ ಬಂದ ಹಕ್ಕಿಗಳೂ ಆಗಲೇ ಇರುತ್ತವೆ. ಮಾರ್ಚ್ ಬಂತೆಂದರೆ ಹುಲ್ಲು ಒಣಗಿ ಬೆಂಕಿಯ ಕಾಲ ಶುರು. ಅರಣ್ಯ ಇಲಾಖೆ ಎಷ್ಟೋ ಕಡೆ ಒಳಗೆ ಬಿಡುವುದಿಲ್ಲ, ಬಿಡದಿರುವುದೇ ಸರಿ.

ಈಗ ಹೊತ್ತಿನ ಮಾತು. ಸೂರ್ಯ ಹುಟ್ಟುವುದನ್ನು ಬೆಟ್ಟದ ತುದಿಯಲ್ಲೇ ನೋಡಬೇಕು ಅನ್ನುವುದು ಈಗಿನ ಚಟ. ಅದಕ್ಕಾಗಿ ಬೆಳಗಿನ ಜಾವ ಮೂರಕ್ಕೆ ಮೊಬೈಲ್ ಟಾರ್ಚ್ ಹಿಡಿದು ಹತ್ತುತ್ತಾರೆ. ಕರಡಿ ಗವಿಗೆ ವಾಪಸ್ ಬರುವ ಹೊತ್ತು ಅದು! ಅದರ ಪಾಳಿ ಇನ್ನೂ ಮುಗಿದಿಲ್ಲ, ನಾವು ಅದರ ಮನೆ ಬಾಗಿಲಲ್ಲಿ ನಿಂತಿರುತ್ತೇವೆ. ಕರಡಿಗೆ ಮೂಗು ಚುರುಕು, ಕಣ್ಣು ಮಂದ. ಹುತ್ತ ಕೆರೆಯುವುದರಲ್ಲಿ ಮುಳುಗಿದ್ದರೆ ನಾವು ಹತ್ತು ಅಡಿ ಹತ್ತಿರ ಬರುವ ತನಕ ಗೊತ್ತೇ ಆಗುವುದಿಲ್ಲ. ಗಾಬರಿಯಾದ ಕರಡಿ ಓಡುವುದಕ್ಕಿಂತ ಮೇಲೆ ಬೀಳುವುದೇ ಜಾಸ್ತಿ.

ಆದ್ದರಿಂದ ನನ್ನ ಲೆಕ್ಕ ಹೀಗೆ. ಚೆನ್ನಾಗಿ ಬೆಳಕು ಹರಿದ ಮೇಲೆ, ಸುಮಾರು ಏಳಕ್ಕೆ ಕಾಡುದಾರಿಗೆ ಕಾಲಿಡಿ. ಹನ್ನೊಂದರೊಳಗೆ ಬಂಡೆ ಬಿಟ್ಟು ನೆರಳಿಗೆ ಬನ್ನಿ. ಸಂಜೆ ಹೋಗುವುದಾದರೆ ಐದೂವರೆಗೆ ಕೆಳಗಿರಿ. ಸೂರ್ಯೋದಯ ಬೇಕೇ ಬೇಕಾದರೆ ದೇವರಾಯನದುರ್ಗದ ಊರಲ್ಲಿ ಟೀ ಕುಡಿಯುತ್ತಾ ನೋಡಿ. ಅದೇ ಸೂರ್ಯ.

ಅನುಮತಿ

ರಾಜ್ಯದ ಚಾರಣ ದಾರಿಗಳಿಗೆ ಈಗ ಸರ್ಕಾರದ ಅರಣ್ಯ ವಿಹಾರ ಜಾಲತಾಣದಲ್ಲಿ ಟಿಕೆಟ್ ಬುಕ್ ಮಾಡಬೇಕು. ದಿನಕ್ಕೆ ಇಂತಿಷ್ಟೇ ಜನ ಅನ್ನುವ ಮಿತಿ ಇದೆ. ನೀವು ಹೋಗುವ ದಾರಿ ಪಟ್ಟಿಯಲ್ಲಿದೆಯಾ ಅಂತ ಹೊರಡುವ ವಾರವೇ ನೋಡಿ, ಪಟ್ಟಿ ಬದಲಾಗುತ್ತಿರುತ್ತದೆ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿ ಜೊತೆಗಿರಲಿ. ಪಟ್ಟಿಯಲ್ಲಿಲ್ಲದ ಕಾಡಿಗೆ ಹೋಗುವುದಾದರೆ ಆ ವಲಯದ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ದೇವಸ್ಥಾನದ ರಸ್ತೆ, ಮೆಟ್ಟಿಲು ಎಲ್ಲರಿಗೂ ಮುಕ್ತ. ಅವನ್ನು ಬಿಟ್ಟು ಪಕ್ಕದ ಪೊದೆಗೆ ಕಾಲಿಟ್ಟರೆ ಅದು ಮೀಸಲು ಅರಣ್ಯ, ಕೇಸು ಹಾಕಬಹುದು. ಡ್ರೋನ್ ಮನೆಯಲ್ಲೇ ಇರಲಿ.

1926 ಅರಣ್ಯ ಇಲಾಖೆಯ ಸಹಾಯವಾಣಿ. ಆಂಬುಲೆನ್ಸ್‌ಗೆ 108. ಎರಡನ್ನೂ ಫೋನಿನಲ್ಲಿ ಈಗಲೇ ಉಳಿಸಿಕೊಳ್ಳಿ.

ಹೋಗುವುದು, ಹೊರುವುದು

ಬೆಂಗಳೂರಿನಿಂದ ಬರುವವರಿಗೆ ತುಮಕೂರಿಗೆ ರೈಲು ಬೇಕಾದಷ್ಟಿವೆ. ಸ್ವಂತ ಗಾಡಿಯಾದರೆ ದೇವರಾಯನದುರ್ಗಕ್ಕೆ ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಊರ್ಡಿಗೆರೆ ಮೇಲೆ ಬನ್ನಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನುವುದಾದರೆ ಬೆಟ್ಟ ಇಳಿದ ಮೇಲೆ ತಿನ್ನಿ. ಮೂರು ತಟ್ಟೆ ಇಡ್ಲಿ, ಮೇಲೆ ಬೆಣ್ಣೆ, ಆಮೇಲೆ ಮಧುಗಿರಿ ಅಂದರೆ ಆಗದ ಮಾತು. ನಾನು ನೋಡಿದ್ದೇನೆ.

ನೀರು ತಲೆಗೆ ಎರಡು ಲೀಟರ್, ಮಧುಗಿರಿಗೆ ಮೂರು. ಒಂದು ವರ್ಷ ಮಾರ್ಚ್‌ನಲ್ಲಿ ಒಂದೇ ಬಾಟಲಿ ಹಿಡಿದು, ಅದೂ ಹತ್ತೂವರೆಗೆ ಹತ್ತಲು ಶುರು ಮಾಡಿದ್ದೆ. ತುದಿ ಮುಟ್ಟುವ ಮೊದಲೇ ನೀರು ಖಾಲಿ. ಇಳಿಯುವಾಗ ಕಂಬಿ ಮುಟ್ಟಿದರೆ ಕಾದ ಹೆಂಚು. ಕರವಸ್ತ್ರ ಸುತ್ತಿಕೊಂಡು ಹಿಡಿದು ಇಳಿದೆ. ಕೆಳಗೆ ಎಳನೀರು ಮಾರುವ ಅಮ್ಮ ನನ್ನ ಮುಖ ನೋಡಿ, ಕೇಳುವ ಮೊದಲೇ ಎರಡು ಕೊಚ್ಚಿ ಕೊಟ್ಟರು.

ಉಳಿದದ್ದು ಸರಳ. ಹಿಡಿತವಿರುವ ಬೂಟು, ಉದ್ದ ಸಾಕ್ಸು, ಪೂರ್ತಿ ತೋಳಿನ ದಪ್ಪ ಹತ್ತಿ ಅಂಗಿ. ಬಟ್ಟೆ ಬಣ್ಣ ಮಣ್ಣಿನದೋ ಒಣಹುಲ್ಲಿನದೋ ಆಗಿರಲಿ. ಟೋಪಿ, ಓಆರ್‌ಎಸ್ ಪ್ಯಾಕೆಟ್ ಎರಡು, ಸಣ್ಣ ಚಿಮುಟ, ಒಂದು ಸೀಟಿ, ತೆಳು ಟವೆಲ್. ತಿನ್ನಲು ಕಡ್ಲೆಮಿಠಾಯಿ, ಚಪಾತಿ. ಹಣ್ಣು ಚೀಲದ ತಳದಲ್ಲಿರಲಿ, ಕೋತಿಗಳಿಗೆ ಕಾಣಬಾರದು. ಬೈನಾಕ್ಯುಲರ್ ಎಂಟು ಪಟ್ಟು ಹಿಗ್ಗಿಸುವ 8×42 ಸಾಕು. ಇನ್ನೂ ಜಾಸ್ತಿ ಹಿಗ್ಗಿಸುವುದನ್ನು ಕೊಂಡರೆ ಹತ್ತಿ ಏದುಸಿರು ಬಿಡುವಾಗ ಕೈ ನಡುಗಿ ಏನೂ ಕಾಣುವುದಿಲ್ಲ. ಸೆಂಟು ಹಾಕಿಕೊಳ್ಳಬೇಡಿ, ಕಾರಣ ಮುಂದೆ ಬರುತ್ತದೆ.

ಬಂಡೆ ಮೇಲೆ ಕಾಲು

ಹತ್ತುವಾಗ ಮೈ ಬಂಡೆಗೆ ಒರಗಿಸಬೇಡಿ. ನೆಟ್ಟಗೆ ನಿಂತು ಪೂರ್ತಿ ಪಾದ ಊರಿ. ಬಂಡೆಗೆ ಬೂಟಿನ ತಳ ಎಷ್ಟು ತಾಗಿದರೆ ಅಷ್ಟು ಹಿಡಿತ. ಇಳಿಯುವಾಗ ಹೆಚ್ಚು ಜನ ಬೀಳುತ್ತಾರೆ. ಆಗ ಸ್ವಲ್ಪ ಅಡ್ಡ ತಿರುಗಿ, ಮೊಣಕಾಲು ಮಡಚಿ, ಸಣ್ಣ ಹೆಜ್ಜೆ. ಕಡಿದಾದ ಕಡೆ ಕೂತು ಜಾರಿ. ಪ್ಯಾಂಟು ಹರಿದರೆ ಹರಿಯಲಿ. ಬಂಡೆ ಮೇಲೆ ಕಪ್ಪು ಪಟ್ಟೆ ಕಂಡರೆ ಅದು ನೀರು ಹರಿದ ಜಾಗ. ಒಣಗಿದ್ದರೂ ನಂಬಬೇಡಿ.

ಇನ್ನು ಸಿದ್ಧರಬೆಟ್ಟದ ಕತೆ. ಗವಿಯಿಂದ ಮೇಲೆ ಹೋಗಿ ವಾಪಸ್ ಬರುವಾಗ ಇಬ್ಬರೇ ಇದ್ದೆವು, ಬೇರೆ ದಾರಿ ಕಂಡಿತು ಅಂತ ಇಳಿದೆವು. ಅದು ದಾರಿಯಲ್ಲ, ಮಳೆನೀರಿನ ಕೊರಕಲು. ಇನ್ನೂರು ಅಡಿ ಕೆಳಗೆ ಲಂಟಾನದ ಗೋಡೆ. ಅಷ್ಟು ದಟ್ಟ ಲಂಟಾನದ ಒಳಗೆ ಹಂದಿ, ಕರಡಿ ಮಾಡಿದ ಸುರಂಗಗಳಿರುತ್ತವೆ. ಬಗ್ಗಿ ಹೋಗಬಹುದು, ಆದರೆ ಎದುರಿಗೆ ಯಾರು ಬರುತ್ತಾರೋ ಗೊತ್ತಿಲ್ಲ. ಫೋನು ಸತ್ತಿತ್ತು. ಬಂದ ಕೊರಕಲನ್ನೇ ಮತ್ತೆ ಹತ್ತಿ, ಗವಿಯ ಗಂಟೆ ಶಬ್ದ ಕೇಳಿಸಿದ ಮೇಲೆ ಉಸಿರು ಬಂತು. ಅವತ್ತಿನಿಂದ ಪ್ರತಿ ತಿರುವಿನಲ್ಲೂ ಹಿಂದೆ ತಿರುಗಿ ಒಂದು ಫೋಟೊ ತೆಗೆದುಕೊಳ್ಳುತ್ತೇನೆ. ವಾಪಸ್ ಬರುವಾಗ ಬೆಟ್ಟ ಕಾಣುವುದು ಹಾಗೆ, ಹತ್ತುವಾಗ ಕಂಡ ಹಾಗಲ್ಲ.

ನೋಡುವುದು

ಇದೇ ಮುಖ್ಯ ಭಾಗ, ನಿಧಾನವಾಗಿ ಹೇಳುತ್ತೇನೆ.

ಹಗಲು ಪಾಳಿಯವರಾದ ನಮಗೆ ರಾತ್ರಿ ಪಾಳಿಯವರು ಕಾಣುವುದು ಅಪರೂಪ. ಆದರೆ ಅವರು ಕೆಲಸ ಮಾಡಿ ಹೋದ ಗುರುತು ಎಲ್ಲ ಕಡೆ ಬಿದ್ದಿರುತ್ತದೆ. ಮಣ್ಣು ದಾರಿಯ ಮೆತ್ತನೆ ಧೂಳು ನೋಡಿ. ಚಿರತೆಯ ಹೆಜ್ಜೆ ದುಂಡಗೆ, ಉಗುರಿನ ಗುರುತು ಇಲ್ಲ, ಬೆಕ್ಕಿನ ಹಾಗೆ ಉಗುರು ಒಳಗೆಳೆದುಕೊಂಡೇ ನಡೆಯುತ್ತದೆ. ನಾಯಿಯದು ಸ್ವಲ್ಪ ಉದ್ದ, ಬೆರಳ ಮುಂದೆ ಉಗುರಿನ ಚುಕ್ಕೆ. ಊರ ನಾಯಿಯ ಹೆಜ್ಜೆ ನೋಡಿ ಚಿರತೆ ಅಂತ ವಾಟ್ಸಾಪ್‌ನಲ್ಲಿ ಹರಿಬಿಡುವವರು ಈ ಉಗುರು ನೋಡುವುದೇ ಇಲ್ಲ. ಕರಡಿಯದು ಬೇರೆಯೇ. ಹಿಂಗಾಲು ಮನುಷ್ಯರ ಪಾದದ ಹಾಗೆ, ಐದು ಬೆರಳು, ಅವುಗಳಿಂದ ದೂರದಲ್ಲಿ ಉಗುರಿನ ಕುಳಿ.

ಹಿಕ್ಕೆ ನೋಡಲು ಹೇಸಬೇಡಿ. ಆ ಡಿಸೆಂಬರ್ ಬೆಳಗ್ಗೆ ಒಡೆದ ಹುತ್ತದಿಂದ ಐವತ್ತು ಹೆಜ್ಜೆ ಮುಂದೆ ಕರಡಿ ಹಿಕ್ಕೆ ಸಿಕ್ಕಿತು. ಕಡ್ಡಿಯಲ್ಲಿ ಕೆದಕಿದೆ. ತುಂಬಾ ಎಲಚಿ ಬೀಜ, ಮಧ್ಯೆ ಗೆದ್ದಲಿನ ತಲೆಗಳು, ಸಣ್ಣ ಕಲ್ಲು, ಮಣ್ಣು. ಎಲಚಿ ಹಣ್ಣಾಗುವ ಕಾಲ ಅದು. ಕಕ್ಕೆ ಕಾಯಿ ಹಣ್ಣಾದಾಗ ಹಿಕ್ಕೆ ಕಪ್ಪಾಗಿ ಕಕ್ಕೆ ಬೀಜ ತುಂಬಿರುತ್ತದೆ. ಕಾಡಲ್ಲಿ ಯಾವ ಮರ ಫಲ ಕೊಡುತ್ತಿದೆ ಅಂತ ಇದರಿಂದಲೇ ಗೊತ್ತಾಗುತ್ತದೆ. ಕರಡಿ ನಡೆದಲ್ಲೆಲ್ಲ ಮರ ಬಿತ್ತುತ್ತಾ ಹೋಗುತ್ತದೆ ಅನ್ನುವುದೂ. ಕಡ್ಡಿಯಲ್ಲೇ ಕೆದಕಿ, ಕೈಯಲ್ಲಿ ಮುಟ್ಟಬೇಡಿ.

ದಾರಿಯಲ್ಲಿ ಕಪ್ಪು-ಬಿಳಿ ಪಟ್ಟೆಯ ಮುಳ್ಳು ಸಿಕ್ಕರೆ ಮುಳ್ಳುಹಂದಿ ಹೋಗಿದೆ. ತೆಗೆದು ನೋಡಿ ಅಲ್ಲೇ ಇಡಿ.

ಇನ್ನು ಹಗಲು ಪಾಳಿಯ ನಮ್ಮ ಜೊತೆಗಾರರು. ದೇವರಾಯನದುರ್ಗಕ್ಕೆ ದೂರದೂರದಿಂದ ಹಕ್ಕಿ ನೋಡುವವರು ಬರುವುದು ಒಂದು ಹಕ್ಕಿಗಾಗಿ. ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆ ಬೆಟ್ಟಗಳಲ್ಲಿ ಮಾತ್ರ ಇರುತ್ತದೆ, ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅಪಾಯದ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಹುಡುಕುವ ಕ್ರಮ ಹೇಳುತ್ತೇನೆ. ಬಂಡೆ ಮತ್ತು ಪೊದೆ ಕೂಡುವ ಜಾಗ ಆರಿಸಿ. ಏಳರಿಂದ ಒಂಬತ್ತರ ನಡುವೆ ರಸ್ತೆ ಬದಿಯ ಕಲ್ಲಿನ ಮೇಲೆ ಸುಮ್ನೆ ಕೂತುಬಿಡಿ. ಹಣ್ಣು ಬಿಟ್ಟ ಆಲ, ಅತ್ತಿ, ಲಂಟಾನ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಮೊದಲು ಬರುವುದು ಜುಟ್ಟಿರುವ ಕೆಮ್ಮೀಸೆ ಪಿಕಳಾರಗಳು, ಗದ್ದಲ ಮಾಡಿಕೊಂಡು. ಅವುಗಳ ನಡುವೆ ಜುಟ್ಟಿಲ್ಲದ್ದೊಂದು ಕಂಡೀತು. ಬೆನ್ನು ಬೂದುಹಸಿರು, ತಲೆ, ಕೊರಳು, ಬಾಲದಡಿ ಅರಿಶಿನ ಮೆತ್ತಿದ ಹಾಗೆ. ನಾಚಿಕೆ ಸ್ವಭಾವ. ಕಂಡ ತಕ್ಷಣ ಪೊದೆಗಿಳಿಯುತ್ತದೆ. ಎದ್ದು ಹಿಂದೆ ಹೋದರೆ ಮುಗಿಯಿತು. ಕೂತೇ ಇದ್ದರೆ ಐದು ನಿಮಿಷದಲ್ಲಿ ಮತ್ತೆ ಮೇಲೆ ಬರುತ್ತದೆ. ಮೊಬೈಲ್‌ನಲ್ಲಿ ಅದರ ಕೂಗು ಹಾಕಿ ಕರೆಯುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಬೇರೆ ಹಕ್ಕಿ ತನ್ನ ಜಾಗಕ್ಕೆ ಬಂತು ಅಂತ ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ನಮಗೆ ಫೋಟೊ, ಅದಕ್ಕೆ ದಂಡ.

ಚಳಿಗಾಲದಲ್ಲಿ ನೆಲದ ತರಗೆಲೆ ಸದ್ದಾದರೆ ನಿಂತು ನೋಡಿ, ನವರಂಗ ಹಕ್ಕಿ ಇರಬಹುದು. ಹೆಸರಿಗೆ ತಕ್ಕ ಬಣ್ಣ. ಕೇಳುವುದಕ್ಕೆ ಗೌಜಲು, ಕೆಂಬೂತ, ನವಿಲು ಯಾವಾಗಲೂ ಇರುತ್ತವೆ. ಬಂಡೆ ಕಾದ ಮೇಲೆ ಓತಿಕ್ಯಾತಗಳ ಹೊತ್ತು. ಬೆದೆಯ ಕಾಲದಲ್ಲಿ ಗಂಡು ಓತಿಕ್ಯಾತದ ಬೆನ್ನು ಕೆಂಪು-ಕೇಸರಿ, ಪಕ್ಕೆ ಕಪ್ಪು. ತಲೆ ಮೇಲೆ ಕೆಳಗೆ ಆಡಿಸುತ್ತಾ ಬಂಡೆ ಕಾಯುತ್ತಿರುತ್ತದೆ. ಮಕ್ಕಳನ್ನು ಕರೆತಂದರೆ ಚಿರತೆ ಕತೆ ಹೇಳುವುದಕ್ಕಿಂತ ಇದನ್ನು ತೋರಿಸಿ, ಅರ್ಧ ಗಂಟೆ ಅಲ್ಲೇ ಕೂರುತ್ತಾರೆ.

ಕಾಡುಪಾಪದ ಬಗ್ಗೆ ಎಲ್ಲರೂ ಕೇಳುತ್ತಾರೆ. ತುಮಕೂರಿನ ಸುತ್ತ, ನಾಗವಲ್ಲಿ ಕಡೆ ಇವೆ, ಹೌದು. ಅಂಗೈ ಮೇಲೆ ಕೂರುವಷ್ಟು ಪ್ರಾಣಿ, ಮುಖದ ತುಂಬ ಕಣ್ಣು. ಅದೂ ರಾತ್ರಿ ಪಾಳಿ. ಬಿಳಿ ಟಾರ್ಚ್ ಬಿಟ್ಟರೆ ಅದಕ್ಕೆ ಕಣ್ಣು ಕತ್ತಲೆ ಬರುತ್ತದೆ. ಮಾಟ-ಮಂತ್ರದ ಹುಚ್ಚಿಗೆ ಇವನ್ನು ಹಿಡಿಯುವವರೂ ಇದ್ದಾರೆ. ಹಾಗಾಗಿ ಎಲ್ಲಿ ಕಂಡಿತು ಅಂತ ಜಾಗ ಸಮೇತ ಎಲ್ಲೂ ಹಾಕಬೇಡಿ. ಗೊತ್ತಿರುವವರು ಕರೆದುಕೊಂಡು ಹೋದರೆ ಕೆಂಪು ಬೆಳಕಿನಲ್ಲಿ, ಒಂದು ನಿಮಿಷ ನೋಡಿ ಬನ್ನಿ.

ಎದುರಾದರೆ

ಕರಡಿಯನ್ನು ಎದುರುಗೊಳ್ಳದಿರುವುದೇ ಉಪಾಯ. ಪೊದೆ ಇರುವ ತಿರುವಿನಲ್ಲಿ ಮಾತಾಡುತ್ತಾ, ಕೋಲು ಕುಟ್ಟುತ್ತಾ ನಡೆಯಿರಿ. ಗವಿಯೊಳಗೆ ಇಣುಕಬೇಡಿ. ದೂರದಲ್ಲಿ ಕಂಡರೆ ಅದರ ಮೇಲೆ ಕಣ್ಣಿಟ್ಟು ನಿಧಾನಕ್ಕೆ ಹಿಂದೆ ಸರಿಯಿರಿ. ಓಡಬೇಡಿ, ನಿಮಗಿಂತ ಜೋರಾಗಿ ಓಡುತ್ತದೆ. ಮರವನ್ನೂ ಹತ್ತುತ್ತದೆ. ಮೇಲೇ ಬಿದ್ದರೆ ಬೋರಲು ಮಲಗಿ, ಎರಡೂ ಕೈ ಕತ್ತಿನ ಹಿಂದೆ ಕಟ್ಟಿ ಮುಖ ನೆಲಕ್ಕೆ ಒತ್ತಿಕೊಳ್ಳಿ. ಕರಡಿ ಮೊದಲು ಹಿಡಿಯುವುದು ಮುಖ, ತಲೆ. ಚಳಿಗಾಲದಲ್ಲಿ ಮರಿ ಹಾಕುತ್ತವೆ. ಆಮೇಲೆ ಕೆಲವು ತಿಂಗಳು ತಾಯಿ ಬೆನ್ನ ಮೇಲೆ ಮರಿ ಹೊತ್ತು ತಿರುಗುತ್ತದೆ. ಆ ತಾಯಿಯ ಹತ್ತಿರ ಯಾವ ಉಪಾಯವೂ ಸಾಲದು.

ಚಿರತೆ ಸಾಮಾನ್ಯವಾಗಿ ನಮ್ಮನ್ನು ನೋಡಿ ಸರಿದುಹೋಗುತ್ತದೆ. ಹಾಗಂತ ಹಗುರವಾಗಿ ತಗೋಬೇಡಿ. 2019-20ರಲ್ಲಿ ಹೆಬ್ಬೂರು, ಕುಣಿಗಲ್ ಕಡೆ ಚಿರತೆ ದಾಳಿಗೆ ಜನ ಸತ್ತದ್ದು ಇಲ್ಲಿ ಯಾರೂ ಮರೆತಿಲ್ಲ. ಮಕ್ಕಳು ಗುಂಪಿನ ನಡುವೆ ಇರಲಿ. ಬಗ್ಗಿ ಕೂರಬೇಡಿ, ಬೆನ್ನು ತೋರಿಸಬೇಡಿ. ಕೈ ಎತ್ತಿ ದೊಡ್ಡದಾಗಿ ಕಾಣಿಸಿ, ಜೋರಾಗಿ ಕೂಗಿ, ಮುಖ ಅದರ ಕಡೆಗೇ ಇಟ್ಟುಕೊಂಡು ಹಿಂದೆ ನಡೆಯಿರಿ.

ನಿಜ ಹೇಳಬೇಕೆಂದರೆ ನನಗೆ ಕರಡಿ, ಚಿರತೆಗಿಂತ ಹೆಜ್ಜೇನಿನ ಭಯ ಜಾಸ್ತಿ. ಮಧುಗಿರಿಯ ಹೆಸರಲ್ಲೇ ಜೇನಿದೆ ನೋಡಿ. ಕಡಿದಾದ ಬಂಡೆಯ ಚಾಚು, ಕೋಟೆಯ ಕಮಾನು, ಇವೇ ಹೆಜ್ಜೇನಿನ ಜಾಗ. ಸೆಂಟು, ಹೊಗೆ, ಕೂಗಾಟ, ಕಲ್ಲು ಉರುಳಿಸುವುದು ಯಾವುದೂ ಅವಕ್ಕೆ ಆಗದು. ಎದ್ದವೆಂದರೆ ಕೈ ಬೀಸಬೇಡಿ. ಟವೆಲ್‌ನಿಂದ ಮುಖ ಮುಚ್ಚಿ, ಅವು ಹಿಂದೆ ಬಿಡುವವರೆಗೆ ದೂರ ಓಡಿ. ಓಡಬೇಕಾದ್ದು ಇದೊಂದೇ ಸಂದರ್ಭ. ಬಂಡೆಯಂಚು ನೋಡಿಕೊಂಡು. ಕೆರೆಗೆ ಹಾರಿದರೆ ಮೇಲೇ ಕಾದಿರುತ್ತವೆ. ಚುಚ್ಚಿದ ಮುಳ್ಳನ್ನು ತಡಮಾಡದೆ ಉಗುರಲ್ಲಿ ಕೆರೆದು ತೆಗೆಯಿರಿ. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ತುಂಬಾ ಕಡೆ ಚುಚ್ಚಿದ್ದರೆ ನೇರ ಆಸ್ಪತ್ರೆಗೆ.

ಹಾವಿಗೆ ಕೈ ಕೊಡಬೇಡಿ, ಅಂದರೆ ಕಣ್ಣಿಗೆ ಕಾಣದ ಸಂದಿಯಲ್ಲಿ ಕೈ ಊರಬೇಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು, ನಾಟಿ ಔಷಧಿ, ಮಂತ್ರ ಯಾವುದೂ ಬೇಡ. ಉಂಗುರ, ವಾಚು ಬಿಚ್ಚಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು, ಸಾಧ್ಯವಾದರೆ ನಡೆಸದೆ ಹೊತ್ತು ಇಳಿಸಿ, ಹಾವಿನ ವಿಷ ಇಳಿಸುವ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಇನ್ನೊಂದು ಸಣ್ಣ ಮಂಡಲ, ಈ ನಾಲ್ಕಕ್ಕೂ ಔಷಧಿ ಒಂದೇ. ಆದ್ದರಿಂದ ಹಾವನ್ನು ಹೊಡೆದು ಹಿಡಿದು ತರುವ ಸಾಹಸ ಬೇಕಿಲ್ಲ.

ಕೋತಿಗೆ ತಿಂಡಿ ಕೊಡಬೇಡಿ. ಅಷ್ಟೇ.

ಒಂದು ದಿನ ಬೆಟ್ಟ ಬಿಟ್ಟು ಬಯಲಿಗೆ

ಮಧುಗಿರಿಯಿಂದ ಸುಮಾರು 23 ಕಿಲೋಮೀಟರ್ ದೂರದ ಮೈದನಹಳ್ಳಿ ಹತ್ತಿರ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. 2007ರಲ್ಲಿ ಘೋಷಣೆಯಾದದ್ದು, 798 ಎಕರೆ. ಮೊದಲ ಸಲ ಬಂದವರು "ಖಾಲಿ ಜಾಗ ಅಲ್ವಾ ಇದು" ಅನ್ನುತ್ತಾರೆ. ಹುಲ್ಲು, ಅಲ್ಲಲ್ಲಿ ನೀಲಗಿರಿ ತೋಪು. ಕಣ್ಣು ಹೊಂದಿಕೊಳ್ಳಲಿ. ಹುಲ್ಲಿನ ಬಣ್ಣವೇ ಅಲುಗಾಡಿದ ಹಾಗೆ ಕಂದು ಹೆಣ್ಣುಗಳ ಹಿಂಡು ಎದ್ದು ನಿಲ್ಲುತ್ತದೆ. ಸ್ವಲ್ಪ ದೂರದಲ್ಲಿ ಕಪ್ಪು ಗಂಡು, ತಿರುಚಿದ ಕೊಂಬು ಬೆನ್ನಿಗೆ ಒರಗಿಸಿಕೊಂಡು. ಹೆದರಿದರೆ ಓಡುವ ಮೊದಲು ಒಂದೊಂದಾಗಿ ಗಾಳಿಗೆ ನೆಗೆಯುತ್ತವೆ. ಅದನ್ನು ನೋಡಲು ಹೆದರಿಸುವವರಿದ್ದಾರೆ. ಬೇಡ. ಗಾಡಿ ದಾರಿ ಬಿಟ್ಟು ಹುಲ್ಲಿಗಿಳಿಸಬೇಡಿ. ನೆಲಗುಬ್ಬಿಗಳು ಮೊಟ್ಟೆ ಇಡುವುದು ಹುಲ್ಲಿನ ಬುಡದಲ್ಲೇ. ಚಳಿಗಾಲದಲ್ಲಿ ಹುಲ್ಲಿನ ಮೇಲೆ ತೇಲಿದ ಹಾಗೆ ಹಾರುವ ಹ್ಯಾರಿಯರ್ ಗಿಡುಗಗಳನ್ನೂ ನೋಡಬಹುದು.

ಬೇಸಿಗೆ ಹತ್ತಿರವಾದಾಗ ಶಿರಾ ಕಡೆ ಹೋದರೆ ಕಗ್ಗಲಡು ತಪ್ಪಿಸಬೇಡಿ. ಶಿರಾದಿಂದ ಸುಮಾರು 9 ಕಿಲೋಮೀಟರ್. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಮನೆ ಹೆಂಚಿನ ಮೇಲೇ. ಹೊರಗಿನವರಿಗೆ ಈ ಊರು ಗೊತ್ತಾದದ್ದು 1999ರಲ್ಲಿ, ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ ಗುರುತಿಸಿದ ಮೇಲೆ. ಊರಿನವರು ಅದಕ್ಕೂ ಮೊದಲಿನಿಂದ ಕಾಯುತ್ತಿದ್ದರು. ಕೆರೆಗಳಲ್ಲಿ ನೀರಿಲ್ಲದ ವರ್ಷ ಹಕ್ಕಿ ಕಡಿಮೆ, ಕೇಳಿಕೊಂಡು ಹೋಗಿ. ಮರದಡಿ ನಿಂತು ಬಾಯಿ ಬಿಟ್ಟುಕೊಂಡು ಮೇಲೆ ನೋಡಬೇಡಿ. ಹೇಳಿದ್ದೇನೆ, ಆಮೇಲೆ ನಿಮ್ಮಿಷ್ಟ.

ವಾಪಸ್ ಬಂದ ಮೇಲೆ

ಕಂಡ ಹಕ್ಕಿಗಳನ್ನು ಅವತ್ತೇ ಬರೆದಿಡಿ. ಇ-ಬರ್ಡ್ ಆ್ಯಪ್‌ಗೆ ಹಾಕಿದರೆ ಇನ್ನೂ ಒಳ್ಳೆಯದು. ಒಂದೇ ರಸ್ತೆಯಲ್ಲಿ ಪ್ರತಿ ತಿಂಗಳು ನಡೆದು ಬರೆದ ಪಟ್ಟಿ, ಹತ್ತು ಬೆಟ್ಟ ಸುತ್ತಿ ತೆಗೆದ ಫೋಟೊಗಿಂತ ಜಾಸ್ತಿ ವಿಷಯ ಹೇಳುತ್ತದೆ. ಯಾವ ವಾರ ನವರಂಗ ಬಂತು, ಯಾವ ವಾರ ಜಾಲಾರಿ ಹೂ ಬಿಟ್ಟಿತು ಅನ್ನುವುದು ಎರಡನೇ ವರ್ಷಕ್ಕೆ ನಿಮಗೇ ಮೊದಲು ಗೊತ್ತಾಗುತ್ತದೆ.

ಕಸ ಚೀಲದಲ್ಲೇ ಇರಲಿ, ಮನೆಯ ಡಬ್ಬಿಗೆ ಬೀಳಲಿ. ಸಾಕ್ಸಿಗೆ ಚುಚ್ಚಿಕೊಂಡ ಹುಲ್ಲಿನ ಬೀಜ ಬೆಟ್ಟದ ಬುಡದಲ್ಲೇ ಕೂತು ಕಿತ್ತುಹಾಕಿ.

ಕೊನೆಗೆ, ಸ್ನಾನಕ್ಕೆ ಮೊದಲು ಮೈಮೇಲೆ ಉಣ್ಣೆ, ಅಂದರೆ ರಕ್ತ ಹೀರುವ ಹುಳ, ಇದೆಯಾ ಅಂತ ಹುಡುಕಿ. ದನ ಮೇಯುವ ಹುಲ್ಲಲ್ಲಿ ನಡೆದಿದ್ದರೆ ಒಂದಾದರೂ ಹತ್ತಿರುತ್ತದೆ. ಮೊಣಕಾಲ ಹಿಂದೆ, ಸೊಂಟದ ಪಟ್ಟಿ ಕೂರುವ ಕಡೆ, ಕಂಕುಳು, ಕಿವಿ ಹಿಂದೆ. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ. ಚಿಮುಟದಲ್ಲಿ ಚರ್ಮಕ್ಕೆ ತಾಗಿದ ಹಾಗೆ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಆ ಜಾಗ ಸೋಪು ಹಾಕಿ ತೊಳೆಯಿರಿ. ಒಂದೆರಡು ವಾರದೊಳಗೆ ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗಿ, ಕಾಡಿಗೆ ಹೋಗಿದ್ದೆ, ಉಣ್ಣೆ ಕಚ್ಚಿತ್ತು ಅಂತ ಮೊದಲೇ ಹೇಳಿ. ಬೆನ್ನು ನೋಡಲು ಮನೆಯವರನ್ನೇ ಕರೆಯಬೇಕು. ನಮ್ಮ ಮನೆಯಲ್ಲಿ ಆಗ ಸಿಗುವ ಬೈಗುಳ ಕೇಳಿದರೆ ಕರಡಿಯೂ ಗವಿ ಬಿಟ್ಟು ಹೊರಗೆ ಬರುವುದಿಲ್ಲ.